ಬಾಟಲಿ ಸುರಿದರೆ ದೋಣಿ ಓಡ್ತದಾ?

ಜೂನ್ ಹುಟ್ಟಿತು ಅಂದರೆ ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಬೋಟುಗಳು ಸಂತೆಯ ಜನರ ಹಾಗೆ ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ ಕಡಲಿಗೆ ರಜೆ. ಯಾಂತ್ರಿಕ ಬೋಟುಗಳಿಗೆ ಮಾತ್ರವಲ್ಲ, 10 ಅಶ್ವಶಕ್ತಿ ಮೀರಿದ ಇಂಜಿನ್ ಕೂರಿಸಿಕೊಂಡ ನಾಡದೋಣಿಗೂ ಅದೇ ಕಟ್ಟು. ಬಲೆ ಅಟ್ಟಕ್ಕೆ ಹೋಗುತ್ತದೆ, ಇಂಜಿನ್ ಮನೆಯ ಚಾವಡಿಗೆ ಬರುತ್ತದೆ, ದೋಣಿಗೆ ಮಡಲಿನ ಚಪ್ಪರವೋ ಪ್ಲಾಸ್ಟಿಕ್ ಹೊದಿಕೆಯೋ ಬೀಳುತ್ತದೆ.

ಕ್ಯಾನಿನಲ್ಲಿ ಉಳಿದ ಪೆಟ್ರೋಲ್? ಅದನ್ನು ಕೇಳುವವರಿಲ್ಲ. ಉಳಿದದ್ದು ಉಳಿದಲ್ಲೇ ಇರುತ್ತದೆ.

ಎರಡು ತಿಂಗಳು ಕಳೆದು, ಸಮುದ್ರಪೂಜೆ ಆಗಿ, ತೆಂಗಿನಕಾಯಿ ಕಡಲಿಗೆ ಬಿದ್ದ ಮೇಲೆ ಶುರುವಾಗುತ್ತದೆ ನೋಡಿ ಹಗ್ಗ ಎಳೆಯುವ ಸೇವೆ. ಎಳೆದದ್ದೇ ಎಳೆದದ್ದು. ಇಂಜಿನ್ ಕೆಮ್ಮುತ್ತದೆ, ಸೀನುತ್ತದೆ, ಹೊತ್ತಿಕೊಳ್ಳುವುದಿಲ್ಲ. ದಡದಲ್ಲೇ ಹೀಗಾದರೆ ಪುಣ್ಯ ಅನ್ನಬೇಕು. ಹೊತ್ತಿಕೊಂಡು, ಅಳಿವೆಯ ತನಕ ಚೆನ್ನಾಗಿ ಓಡಿ, ಅಲೆ ಮುರಿಯುವ ಜಾಗದಲ್ಲಿ ನಿಂತುಬಿಟ್ಟರೆ? ಅಳಿವೆಯಲ್ಲಿ ಇಂಜಿನ್ ನಿಂತ ದೋಣಿ ಅಲೆಗೆ ಅಡ್ಡಲಾಗಿ ತಿರುಗುತ್ತದೆ. ಆಮೇಲೆ ಏನಾಗುತ್ತದೆ ಅಂತ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಸಂಕಟಕ್ಕೆ ಮದ್ದು ಅಂತ ಈಗ ಪೇಟೆಯಲ್ಲಿ ಒಂದು ಬಾಟಲಿ ಕಾಣಿಸಿಕೊಂಡಿದೆ. ಹೆಸರು ಫ್ಯುಯೆಲ್ ಸ್ಟೆಬಿಲೈಸರ್. ಪೆಟ್ರೋಲಿಗೆ ಸುರಿದರೆ ಪೆಟ್ರೋಲ್ ಕೆಡುವುದಿಲ್ಲವಂತೆ. ಕೆಂಪು, ನೀಲಿ, ಹಸಿರು, ಬಣ್ಣಕ್ಕೇನೂ ಕಡಿಮೆ ಇಲ್ಲ. ಬೆಲೆಗೂ ಕಡಿಮೆ ಇಲ್ಲ. ಬಂದರಿನ ಹತ್ತಿರದ ಸ್ಪೇರ್‌ಪಾರ್ಟ್ಸ್ ಅಂಗಡಿಗಳಲ್ಲಿ ನಡೆಯುವ ಸಂಭಾಷಣೆ ಸಾಮಾನ್ಯವಾಗಿ ಹೀಗಿರುತ್ತದೆ:

“ಇದು ಹಾಕಿದ್ರೆ ಇಂಜಿನ್ ಸ್ಟಾರ್ಟ್ ಆಗ್ತದಾ ಮಾರಾಯ್ರೆ?”

“ಹಾಕಿ ನೋಡಿ. ಫಾರಿನ್ ಮಾಲು.”

ಕೇಳಿದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಬಾಟಲಿಗಂತೂ ಬಾಯಿಲ್ಲ. ಹಾಗಾಗಿ ಇವತ್ತಿನ ಅಂಕಣ ಅದಕ್ಕೇ ಮೀಸಲು. ದೋಣಿ ಇಲ್ಲದವರು ಪುಟ ತಿರುಗಿಸಬೇಡಿ. ಅಂಗಡಿಯ ಹಿಂದೆ ಇಟ್ಟ ಜನರೇಟರಿಗೂ, ತೋಟದ ಹುಲ್ಲು ಕತ್ತರಿಸುವ ಮೆಷಿನಿಗೂ, ಗಲ್ಫಿಗೆ ಹೋದ ಮಗ ಮನೆಯ ಮಾಡಿನಡಿ ನಿಲ್ಲಿಸಿ ಹೋದ ಬೈಕಿಗೂ ಇದೇ ಕಾಯಿಲೆ.

ಪೆಟ್ರೋಲಿನೊಳಗೆ ಕಬ್ಬು

ಪೆಟ್ರೋಲ್ ಕೆಡುವುದು ಎರಡು ರೀತಿ. ಮೊದಲನೆಯದು ಹಳೇ ಕಾಯಿಲೆ. ಗಾಳಿ ತಾಗಿ, ಸೆಕೆ ತಾಗಿ, ಪೆಟ್ರೋಲಿನ ಹಗುರ ಅಂಶ ಹಾರಿಹೋಗುತ್ತದೆ. ಉಳಿದದ್ದು ನಿಧಾನಕ್ಕೆ ಹಲಸಿನ ಮೇಣದ ಹಾಗೆ ಅಂಟಾಗುತ್ತದೆ. ಕಾರ್ಬುರೇಟರಿನ ಬಟ್ಟಲಲ್ಲಿ ನಿಂತ ನಾಲ್ಕು ಚಮಚ ಪೆಟ್ರೋಲ್ ಹೀಗೆ ಒಣಗಿ, ಸೂಜಿಮೊನೆಯಷ್ಟು ಸಣ್ಣ ಜೆಟ್ಟಿನ ತೂತಿನಲ್ಲಿ ಕೂತರೆ ಮುಗಿಯಿತು. ಆಗಸ್ಟಿನಲ್ಲಿ ಮೆಕ್ಯಾನಿಕ್ಕುಗಳ ಮನೆ ಮುಂದೆ ಇಂಜಿನ್ ಸಾಲು ನಿಲ್ಲುವುದು ಹೆಚ್ಚಾಗಿ ಈ ನಾಲ್ಕು ಚಮಚದ ದೆಸೆಯಿಂದ.

ಎರಡನೆಯದು ಹೊಸ ಕಾಯಿಲೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಕೆಲಸ ಶುರುವಾದದ್ದು 2003ರಲ್ಲಿ, ಆಗ ನೂರಕ್ಕೆ 5 ಪಾಲು. 2022ರಲ್ಲಿ ಅದು 10ಕ್ಕೆ ಬಂತು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಪ್ರಧಾನಿಯವರು ಇ-20 ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ಕ್ಕೆ ದೇಶದ ಲೆಕ್ಕ 20ಕ್ಕೆ ಮುಟ್ಟಿತು. ಅಂದರೆ ಐದು ಲೀಟರಿನಲ್ಲಿ ಒಂದು ಲೀಟರ್ ಕಬ್ಬು, ಅಕ್ಕಿ, ಜೋಳದಿಂದ ಇಳಿಸಿದ ಸಾರ. ಕಬ್ಬು ಬೆಳೆದವರಿಗೆ ಇದರಿಂದ ಲಾಭ ಎಷ್ಟು, ಕಾರಿನವರಿಗೆ ನಷ್ಟ ಎಷ್ಟು ಅಂತ ಬಸ್ಸಿನಲ್ಲಿ ದಿನಾ ಚರ್ಚೆ ನಡೆಯುತ್ತಲೇ ಇದೆ, ಅದು ಬೇರೆ ಕಥೆ. ದೋಣಿಯವರ ಕಥೆಯಲ್ಲಿ ಮುಖ್ಯ ಪಾತ್ರ ನೀರು.

ಎಥನಾಲಿಗೆ ನೀರು ಅಂದರೆ ಪ್ರಾಣ. ಬರೀ ಪೆಟ್ರೋಲಿಗೆ ನೀರು ಬಿದ್ದರೆ ಅದು ಬೆರೆಯದೆ ತಳಕ್ಕೆ ಹೋಗಿ ಕೂರುತ್ತದೆ, ಸೋಸಿ ತೆಗೆಯಬಹುದು. ಎಥನಾಲ್ ಇರುವ ಪೆಟ್ರೋಲ್ ನೀರನ್ನು ಒಳಗೇ ಕರಗಿಸಿಕೊಳ್ಳುತ್ತದೆ. ಸ್ವಲ್ಪ ಇರುವ ತನಕ ಏನೂ ತೊಂದರೆ ಇಲ್ಲ, ಇಂಜಿನ್ ಓಡುತ್ತದೆ. ಆದರೆ ಮಿತಿ ದಾಟಿದ ಕ್ಷಣ ಎಥನಾಲ್ ಪೆಟ್ರೋಲಿನ ಸಂಗ ಬಿಟ್ಟು, ನೀರಿನ ಕೈ ಹಿಡಿದು ತಳಕ್ಕೆ ಇಳಿದುಬಿಡುತ್ತದೆ. ನೂರಕ್ಕೆ ಹತ್ತು ಎಥನಾಲ್ ಇರುವ ಪೆಟ್ರೋಲಿಗೆ ಈ ಮಿತಿ ಸುಮಾರು ಅರ್ಧ ಪಾಲು. 25 ಲೀಟರಿನ ಕ್ಯಾನಿಗೆ 125 ಮಿಲಿಲೀಟರ್, ಅಂದರೆ ಹೋಟೆಲಿನ ಒಂದು ಚಾ ಗ್ಲಾಸಿನಷ್ಟು ನೀರು. ಇ-20 ಇದಕ್ಕಿಂತ ಒಂದಿಷ್ಟು ಹೆಚ್ಚು ನೀರು ತಡೆದುಕೊಳ್ಳುತ್ತದೆ. ಬೇರ್ಪಟ್ಟಾಗ ತಳಕ್ಕೆ ಬೀಳುವ ರಾಶಿಯೂ ಅಷ್ಟೇ ದೊಡ್ಡದು.

ಈಗ ದೋಣಿಯ ಕ್ಯಾನನ್ನು ಕಣ್ಣ ಮುಂದೆ ತನ್ನಿ. ಪೆಟ್ರೋಲ್ ಹೀರುವ ಕೊಳವೆಯ ಬಾಯಿ ಇರುವುದೇ ತಳದಲ್ಲಿ. ಇಂಜಿನ್ ಮೊದಲು ಕುಡಿಯುವುದು ನೀರು ಮತ್ತು ಎಥನಾಲಿನ ಆ ಪಾನಕವನ್ನೇ. ಟೂ ಸ್ಟ್ರೋಕ್ ಇಂಜಿನ್ನಾದರೆ ಇನ್ನೊಂದು ಅನಾಹುತ. ನಾವು ಬೆರೆಸಿದ 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಕೆಳಗಿನ ನೀರಿನೊಂದಿಗೆ ಹೋಗುವುದಿಲ್ಲ. ಹಾಗಾಗಿ ಇಂಜಿನ್ನಿಗೆ ಎಣ್ಣೆಯೇ ಸಿಗದೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆಗ ಬಾಟಲಿಯ ಖರ್ಚಿನ ಮಾತಲ್ಲ, ಬ್ಲಾಕಿನ ಖರ್ಚಿನ ಮಾತು.

ಯಮಾಹಾ, ಮರ್ಕ್ಯುರಿಯಂಥ ದೊಡ್ಡ ಔಟ್‌ಬೋರ್ಡ್ ಕಂಪೆನಿಗಳು ತಮ್ಮ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಹೇಳಿಕೊಂಡು ಬಂದದ್ದು ನೂರಕ್ಕೆ 10ರ ತನಕ ಎಥನಾಲ್ ಪರವಾಗಿಲ್ಲ ಅಂತ. ಅಮೆರಿಕದಲ್ಲಿ 15 ಪಾಲಿನ ಪೆಟ್ರೋಲಿಗೆ 2010-11ರಲ್ಲಿ ಅನುಮತಿ ಕೊಟ್ಟಾಗಲೂ ದೋಣಿ ಇಂಜಿನ್‌ಗಳನ್ನು ಹೊರಗಿಟ್ಟೇ ಕೊಟ್ಟರು. ನಮ್ಮಲ್ಲಿ 20 ಬಂತು. ಕಾರಿಗೆ ಆಗ್ತದಾ, ಬೈಕಿಗೆ ಆಗ್ತದಾ ಅಂತ ಟಿವಿಯಲ್ಲಿ ಗಂಟಲು ಹರಿಯುವಷ್ಟು ಕೂಗಾಡಿದರು. ದೋಣಿಗೆ ಆಗ್ತದಾ ಅಂತ ಕೇಳುವ ಪುಣ್ಯಾತ್ಮರು ಆ ಗಲಾಟೆಯಲ್ಲಿ ಕಾಣಸಿಗಲಿಲ್ಲ.

ಸೀಮೆಎಣ್ಣೆಯವರು ಬೀಗಬೇಡಿ

“ನಮ್ಮದು ಚಿಮಣಿಎಣ್ಣೆ ಇಂಜಿನ್, ನಮಗೆ ಈ ರಗಳೆ ಇಲ್ಲ” ಅನ್ನುವವರು ನಾಡದೋಣಿಯವರಲ್ಲಿ ಬಹಳ ಮಂದಿ. ಅರ್ಧ ನಿಜ. ಸೀಮೆಎಣ್ಣೆಗೆ ಎಥನಾಲ್ ಬೆರೆಸುವುದಿಲ್ಲ. ಆದರೆ ಆ ಇಂಜಿನ್ ಹೊತ್ತಿಕೊಳ್ಳುವುದು ಪೆಟ್ರೋಲಿನಲ್ಲಿ. ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಕಾರ್ಬುರೇಟರ್ ತೊಳೆದುಕೊಳ್ಳಲು ಬಿಡುತ್ತಾರೆ. ಕೊನೆಗೆ ಕಾರ್ಬುರೇಟರಿನಲ್ಲಿ ಉಳಿಯುವುದು ಪೆಟ್ರೋಲೇ. ಅದಕ್ಕೆಂದು ಇಟ್ಟ ಸಣ್ಣ ಡಬ್ಬಿಯ ಪೆಟ್ರೋಲ್ ಖರ್ಚಾಗುವುದೂ ಬಹಳ ನಿಧಾನ. ಲೆಕ್ಕ ಹಾಕಿದರೆ ಇಡೀ ದೋಣಿಯಲ್ಲಿ ಅತ್ಯಂತ ಹಳೆಯ ಎಣ್ಣೆ ಅಂದರೆ ಅದೇ!

ಮೇಲಾಗಿ ಸೀಮೆಎಣ್ಣೆಯ ಕಾಲವೂ ಮುಗಿಯುತ್ತ ಬಂತು. ಕೋಟಾ ಸಾಲದು, ಸಮಯಕ್ಕೆ ಬರುವುದಿಲ್ಲ ಎಂಬ ಕೂಗು ವರ್ಷ ವರ್ಷವೂ ಇದ್ದದ್ದೇ. 2023ರ ರಾಜ್ಯ ಬಜೆಟ್ಟಿನಲ್ಲಿ ಸೀಮೆಎಣ್ಣೆ ಇಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಇಂಜಿನ್ ಹಾಕಿಸಿಕೊಳ್ಳುವವರಿಗೆ 50 ಸಾವಿರ ರೂಪಾಯಿ ಸಹಾಯಧನದ ಮಾತು ಬಂತು. ಒಂದು ಕೈಯಲ್ಲಿ ಪೆಟ್ರೋಲ್ ಇಂಜಿನ್ ತಗೊಳ್ಳಿ ಅನ್ನುವುದು, ಇನ್ನೊಂದು ಕೈಯಲ್ಲಿ ಪೆಟ್ರೋಲಿಗೆ ಎಥನಾಲ್ ಏರಿಸುವುದು. ಎರಡೂ ಸರಕಾರದ್ದೇ, ಒಂದು ಬೆಂಗಳೂರಿನದು, ಇನ್ನೊಂದು ದಿಲ್ಲಿಯದು. ಮಧ್ಯೆ ಹಗ್ಗ ಎಳೆಯುವವನು ಕೋಡೇರಿಯ ಮೀನುಗಾರ.

ಬಾಟಲಿಯೊಳಗೆ ಎಂತ ಉಂಟು?

ಒಳ್ಳೆಯ ಸ್ಟೆಬಿಲೈಸರಿನಲ್ಲಿ ಇರುವುದು ಪೆಟ್ರೋಲ್ ಅಂಟಾಗುವುದನ್ನು ನಿಧಾನ ಮಾಡುವ ಪದಾರ್ಥ. ಜೊತೆಗೆ ತುಕ್ಕು ತಡೆಯುವ ಪದಾರ್ಥ, ಕೆಲವದರಲ್ಲಿ ಕಾರ್ಬುರೇಟರ್ ತೊಳೆಯುವ ಪದಾರ್ಥ. ಉಪ್ಪಿನಕಾಯಿಗೆ ಉಪ್ಪು ಹಾಕಿದ ಹಾಗೆ ಅಂದುಕೊಳ್ಳಿ. ಹಸಿ ಮಾವಿನಕಾಯಿಗೆ ಹಾಕಿದರೆ ಉಳಿಯುತ್ತದೆ, ಕೊಳೆತದ್ದಕ್ಕೆ ಹಾಕಿದರೆ ಉಪ್ಪೂ ದಂಡ.

ಅಂಗಡಿಯಲ್ಲಿ ಗಿರಾಕಿ ಕೇಳುವ ಪ್ರಶ್ನೆಯೇ ತಪ್ಪಾಗುವುದು ಇಲ್ಲಿ. ಇದು ಹಳತಾದ ಪೆಟ್ರೋಲನ್ನು ಹೊಸತು ಮಾಡುವ ಮದ್ದಲ್ಲ. ಆಗಸ್ಟಿನಲ್ಲಿ ಇಂಜಿನ್ ಹೊತ್ತಿಕೊಳ್ಳದೆ ಹೋದಾಗ ತರುವುದಲ್ಲ, ಮೇ ಕೊನೆಯಲ್ಲಿ ಬಂಕಿನಿಂದ ಆಗತಾನೆ ತಂದ ಪೆಟ್ರೋಲಿಗೆ ಹಾಕುವುದು. ಹಾಕಿ ಸುಮ್ಮನೆ ಮುಚ್ಚಳ ಬಿಗಿದರೂ ಸಾಲದು. ಇಂಜಿನ್ನನ್ನು ನೀರಿನ ಡ್ರಮ್ಮಿನಲ್ಲಿ ಇಳಿಸಿ ಹತ್ತು ನಿಮಿಷ ಓಡಿಸಬೇಕು, ಮದ್ದು ಬೆರೆತ ಪೆಟ್ರೋಲ್ ಕಾರ್ಬುರೇಟರಿನ ಬಟ್ಟಲಿಗೆ ತಲುಪಬೇಕು. ಕಾಯಿಲೆ ಇರುವುದು ಅಲ್ಲಿ ತಾನೆ?

ನೀರಿನ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಒಮ್ಮೆ ಬೇರ್ಪಟ್ಟು ತಳಕ್ಕೆ ಇಳಿದ ನೀರು-ಎಥನಾಲನ್ನು ಮತ್ತೆ ಬೆರೆಸಿ ಮೊದಲಿನಂತೆ ಮಾಡುವ ಮದ್ದು ಯಾವ ಬಾಟಲಿಯಲ್ಲೂ ಇಲ್ಲ. ಲೇಬಲ್ಲಿನಲ್ಲಿ ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ ಇಲ್ಲ. “ನೀರು ತೆಗೆಯುವ ಮದ್ದು” ಅಂತ ಮಾರುವ ಕೆಲವು ಸೀಸೆಗಳಲ್ಲಿ ಇರುವುದು ಬರೀ ಆಲ್ಕೋಹಾಲ್. ಹಿಂದೆ, ಎಥನಾಲ್ ಇಲ್ಲದ ಪೆಟ್ರೋಲಿನ ಕಾಲದಲ್ಲಿ ಅದಕ್ಕೆ ಅರ್ಥ ಇತ್ತು. ಈಗ ನೂರಕ್ಕೆ 20 ಪಾಲು ಆಲ್ಕೋಹಾಲ್ ಮೊದಲೇ ಬೆರೆಸಿ ಕೊಡುವಾಗ ದುಡ್ಡು ಕೊಟ್ಟು ಇನ್ನಷ್ಟು ಸುರಿಯುವುದು ಹೊಳೆಗೆ ನೀರು ಹೊತ್ತ ಹಾಗೆ.

ಹಾಗಾದರೆ ಯಾವುದನ್ನು ಕೊಳ್ಳುವುದು? ಎಥನಾಲ್ ಇರುವ ಪೆಟ್ರೋಲಿಗೆ ಆಗುತ್ತದೆ ಅಂತ ಲೇಬಲ್ಲಿನಲ್ಲಿ ಸ್ಪಷ್ಟ ಇರಬೇಕು. ಟೂ ಸ್ಟ್ರೋಕಿನವರು 2ಟಿ ಆಯಿಲ್ ಜೊತೆ ಆಗುತ್ತದಾ ನೋಡಬೇಕು. ಸೀಲು ಒಡೆದದ್ದು, ಬಿಸಿಲಿಗೆ ಇಟ್ಟು ಬಣ್ಣ ಮಾಸಿದ್ದು ಬೇಡ. ಇಷ್ಟಾದ ಮೇಲೆ ಉಳಿಯುವುದು ಬೆಲೆ, ಮತ್ತು ಗಿರಾಕಿ ಎಡವುವುದು ಇಲ್ಲೇ.

ಬಾಟಲಿಯ ಬೆಲೆ ನೋಡಬೇಡಿ, ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಬೀಳುತ್ತದೆ ನೋಡಿ. ಹೊರದೇಶದ ಬಾಟಲಿಗಳ ಮೇಲೆ ಲೆಕ್ಕ ಇರುವುದು ಔನ್ಸು, ಗ್ಯಾಲನ್ನಿನಲ್ಲಿ. ಆ ಗ್ಯಾಲನ್ನು ಅಮೆರಿಕದ್ದು, 3.8 ಲೀಟರಿನದು. ನಮ್ಮ ಹಿರಿಯರಿಗೆ ಗೊತ್ತಿದ್ದ ನಾಲ್ಕೂವರೆ ಲೀಟರಿನ ಬ್ರಿಟಿಷ್ ಗ್ಯಾಲನ್ನಲ್ಲ. ಒಂದು ಔನ್ಸು ಅಂದರೆ ಸುಮಾರು 30 ಮಿಲಿಲೀಟರ್. ಸ್ಟಾ-ಬಿಲ್ಲಿನ ಹಳೇ ಕೆಂಪು ಮಾಲು ಎರಡೂವರೆ ಗ್ಯಾಲನ್ನಿಗೆ ಒಂದು ಔನ್ಸು, ಅಂದರೆ ಲೀಟರಿಗೆ 3 ಮಿಲಿಲೀಟರ್ ಚಿಲ್ಲರೆ. ಸೀ ಫೋಮ್ ಎಂಬುದು ಗ್ಯಾಲನ್ನಿಗೆ ಒಂದು ಔನ್ಸು, ಲೀಟರಿಗೆ 8 ಮಿಲಿಲೀಟರ್. ಬಹಳ ದಿನ ಇಡುವುದಾದರೆ ಅದರ ಎರಡರಷ್ಟು. ಸ್ಟಾರ್ ಟ್ರಾನ್ ಎಂಬುದು 16 ಗ್ಯಾಲನ್ನಿಗೆ ಒಂದು ಔನ್ಸು, ಲೀಟರಿಗೆ ಅರ್ಧ ಮಿಲಿಲೀಟರ್. 25 ಲೀಟರಿನ ಕ್ಯಾನಿಗೆ ಒಂದು 80, ಇನ್ನೊಂದು 200, ಮತ್ತೊಂದು 12 ಮಿಲಿಲೀಟರ್! ಚಿಕ್ಕ ಬಾಟಲಿ ದುಬಾರಿ ಅಂತ ಬಿಟ್ಟು ದೊಡ್ಡ ಬಾಟಲಿ ಅಗ್ಗ ಅಂತ ತಂದವರು ಈ ಭಾಗಾಕಾರ ಒಮ್ಮೆ ಮಾಡಿ ನೋಡಿ. ಅಂಗಡಿಯವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಪ್ರಮಾಣ ಮಾಲಿನಿಂದ ಮಾಲಿಗೆ ಬದಲಾಗುವುದರಿಂದ ಕೊಳ್ಳುವಾಗ ಆ ಬಾಟಲಿಯ ಲೇಬಲ್ಲೇ ಪ್ರಮಾಣ. ಅಳೆಯಲು ಮಕ್ಕಳ ಔಷಧಿಯ ಮುಚ್ಚಳ ಸಾಕು, ಆದರೆ ಆಮೇಲೆ ಅದನ್ನು ಮಕ್ಕಳ ಔಷಧಿಗೆ ಬಳಸಬೇಡಿ ಮಾರಾಯ್ರೆ.

ಟ್ರಾಲ್ ಬೋಟಿನವರಿಗೆ ಒಂದು ಮಾತು. ನಿಮ್ಮದು ಡೀಸೆಲ್, ನಿಮ್ಮ ಕಾಯಿಲೆ ಬೇರೆ. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ನಿಂತರೆ, ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ತಳದ ನೀರು ತೆಗೆಯುವುದು, ಬೇಕಿದ್ದರೆ ಜೀವಿ ಕೊಲ್ಲುವ ಡೀಸೆಲ್ ಮದ್ದು. ಪೆಟ್ರೋಲಿನ ಬಾಟಲಿ ತಂದು ಸುರಿದರೆ ಅದರಿಂದ ಆಗುವುದು ಏನೂ ಇಲ್ಲ.

ಕಾಸಿಲ್ಲದ ಮದ್ದು

ನಮ್ಮ ಲೆಕ್ಕದಲ್ಲಿ 61 ದಿನ ಪೂರ್ತಿ ದೋಣಿ ಮೇಲೆಳೆಯುವವರಿಗೆ ಬಾಟಲಿಯೇ ಬೇಡ. ಖಾಲಿ ಕ್ಯಾನಿಗಿಂತ ದೊಡ್ಡ ಸ್ಟೆಬಿಲೈಸರ್ ಇಲ್ಲ. ಮೇ ಕೊನೆಯ ವಾರ ಬೇಕಾದಷ್ಟೇ ತನ್ನಿ. ಒಮ್ಮೆಲೇ ಕ್ಯಾನು ತುಂಬ 2ಟಿ ಆಯಿಲ್ ಬೆರೆಸಬೇಡಿ. ಬೆರೆಸದ ಪೆಟ್ರೋಲ್ ಉಳಿದರೆ ಸ್ಕೂಟರಿಗೆ ಹಾಕಬಹುದು, ಬೆರೆಸಿದ್ದನ್ನು ಫೋರ್ ಸ್ಟ್ರೋಕ್ ಸ್ಕೂಟರಿಗೆ ಹಾಕಿದರೆ ಹೊಗೆ ಕಾರಿ ಪ್ಲಗ್ ಮಸಿ ಹಿಡಿಯುತ್ತದೆ. ಕೊನೆಯ ದಿನ ಡ್ರಮ್ಮಿನ ನೀರಿನಲ್ಲಿ ಇಂಜಿನ್ ಓಡುತ್ತಿರುವಾಗಲೇ ಪೆಟ್ರೋಲ್ ಪೈಪ್ ಬಿಡಿಸಿ, ತಾನಾಗಿ ನಿಲ್ಲುವ ತನಕ ಓಡಲಿ. ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ಉಳಿದ ಹನಿಗಳನ್ನೂ ತೆಗೆಯಿರಿ. ಹಳೆಯ ರಬ್ಬರ್ ಪೈಪು, ಕೈಯಿಂದ ಒತ್ತುವ ಪಂಪಿನ ಬಲ್ಬು ಮೆತ್ತಗಾಗಿದ್ದರೆ ಬದಲಿಸಿ. ಹಳೇ ರಬ್ಬರನ್ನು ಎಥನಾಲ್ ಒಳಗಿನಿಂದಲೇ ತಿನ್ನುತ್ತದೆ, ಆ ಪುಡಿ ನೇರ ಜೆಟ್ಟಿಗೆ ಹೋಗುತ್ತದೆ.

ಬಾಟಲಿ ನಿಜವಾಗಿ ಬೇಕಾಗುವುದು ಮಳೆಗಾಲದಲ್ಲೂ ಕಡಲಿನ ಕಡೆ ಕಣ್ಣಿಟ್ಟವರಿಗೆ. 10 ಅಶ್ವಶಕ್ತಿಯೊಳಗಿನ ದೋಣಿಗೆ ರಜೆಯ ಕಾಲದಲ್ಲೂ ಅವಕಾಶ ಇದೆ. ಕಡಲು ಒಂದು ದಿನ ಬಾಗಿಲು ತೆರೆದರೆ ಹದಿನೈದು ದಿನ ಮುಚ್ಚುತ್ತದೆ. ತೆರೆದ ದಿನ ಇಂಜಿನ್ ಮೊದಲ ಎಳೆತಕ್ಕೇ ಹೊತ್ತಿಕೊಳ್ಳಬೇಕು. ಪೆಟ್ರೋಲ್ ಕ್ಯಾನಿನಲ್ಲಿ ಇರಲೇಬೇಕು. ಅಂಥವರು ಕೊಳ್ಳಲಿ, ದುಡ್ಡಿಗೆ ಮೋಸ ಇಲ್ಲ. ಕ್ಯಾನಿನ ಮುಚ್ಚಳದ ಗಾಳಿ ಸ್ಕ್ರೂ ಮಾತ್ರ ಬಿಗಿದಿಡಬೇಕು. ಕ್ಯಾನಿಗೆ ನೀರು ಹೆಚ್ಚಾಗಿ ಬರುವುದು ಗಾಳಿಯ ತೇವದಿಂದಲ್ಲ, ಮುಚ್ಚಳದ ಗುಂಡಿಯಲ್ಲಿ ನಿಂತ ಮಳೆನೀರಿನಿಂದ.

ಅನುಮಾನ ಬಂದರೆ ಪರೀಕ್ಷೆ ಸುಲಭ. ಕ್ಯಾನಿನ ತಳದಿಂದ ಒಂದಿಷ್ಟು ತೆಗೆದು ಬಿಳಿ ಗಾಜಿನ ಬಾಟಲಿಗೆ ಹಾಕಿ ಒಂದು ಗಂಟೆ ಅಲುಗಾಡಿಸದೆ ಇಡಿ. ಮಧ್ಯೆ ಗೆರೆ ಕಂಡರೆ, ಅಥವಾ ಇಡೀ ಮಂಜು ಮಂಜಾಗಿದ್ದರೆ, ಅದು ಇಂಜಿನ್ನಿಗಲ್ಲ. ವಾರ್ನಿಷಿನ ಹುಳಿವಾಸನೆ ಬಂದರೂ ಅಷ್ಟೇ. ಅದನ್ನು ತೋಡಿಗೋ ಬಾವಿಯ ಹತ್ತಿರಕ್ಕೋ ಸುರಿಯಬೇಡಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಈ ಎಲ್ಲ ಕೆಲಸ ಬಯಲಿನಲ್ಲಿ, ಬೀಡಿ ದೂರ ಇಟ್ಟು ಮಾಡಬೇಕು. ಅಂದಹಾಗೆ ಮಾರಾಟಕ್ಕಲ್ಲದೆ, ಸ್ವಂತಕ್ಕೆಂದು ಲೈಸೆನ್ಸ್ ಇಲ್ಲದೆ ಪೆಟ್ರೋಲ್ ಇಡಲು ಕಾನೂನಿನ ಮಿತಿ 30 ಲೀಟರ್.

ಸರಕಾರಿ ದೋಣಿಯ ಪೆಟ್ರೋಲ್ ಯಾವ ತಿಂಗಳಿನದು?

ಮೀನುಗಾರ ತನ್ನ ಇಂಜಿನ್ನನ್ನು ಹೇಗೋ ನೋಡಿಕೊಂಡಾನು, ಹೊಟ್ಟೆಪಾಡು ಅದರಲ್ಲೇ ಇದೆ. ನೋಡಿಕೊಳ್ಳುವವರು ಯಾರು ಅಂತ ಕೇಳಬೇಕಾದ ಇಂಜಿನ್‌ಗಳು ಬೇರೆ ಇವೆ.

2020ರ ಸೆಪ್ಟೆಂಬರ್ 20, ಭಾನುವಾರ. ಒಂದು ರಾತ್ರಿಯ ಮಳೆಗೆ ಉಡುಪಿ ಪೇಟೆಯೇ ಹೊಳೆಯಾಯಿತು. ಕಲ್ಸಂಕ, ಬೈಲಕೆರೆ ಕಡೆ ಮನೆಗಳೊಳಗೆ ನೀರು. ಬಸ್ಸು ಹೋಗುವ ದಾರಿಯಲ್ಲಿ ದೋಣಿ ಹೋಯಿತು. ಅದಕ್ಕೂ ಎರಡು ವರ್ಷ ಹಿಂದೆ, 2018ರ ಆಗಸ್ಟಿನಲ್ಲಿ, ಪಕ್ಕದ ಕೇರಳ ಮುಳುಗಿದಾಗ ಅಲ್ಲಿನ ಮೀನುಗಾರರು ದೋಣಿಗಳನ್ನು ಲಾರಿಗೆ ಏರಿಸಿಕೊಂಡು ಒಳನಾಡಿಗೆ ಹೋಗಿ ಸಾವಿರಾರು ಜನರನ್ನು ಎತ್ತಿ ತಂದರು. ಆ ಇಂಜಿನ್‌ಗಳು ದಿನಾ ದುಡಿಯುವ ಇಂಜಿನ್‌ಗಳು, ಒಳಗಿದ್ದದ್ದು ತಾಜಾ ಎಣ್ಣೆ.

ನೆರೆಗೆಂದೇ ಇಟ್ಟ ರಬ್ಬರ್ ದೋಣಿಗಳ ಸ್ಥಿತಿ ಇದರ ತದ್ವಿರುದ್ಧ. ವರ್ಷದಲ್ಲಿ ಮುನ್ನೂರು ಚಿಲ್ಲರೆ ದಿನ ಅವು ಶೆಡ್ಡಿನಲ್ಲಿ ಮಲಗಿರುತ್ತವೆ. ಕೆಲಸ ಬರುವುದು ಒಂದೇ ದಿನ, ಆ ದಿನ ಎರಡನೇ ಎಳೆತಕ್ಕೂ ಪುರಸೊತ್ತಿಲ್ಲ. ಸ್ಟೆಬಿಲೈಸರ್ ಬಾಟಲಿ ಹುಟ್ಟಿದ್ದೇ ಇಂಥ ಇಂಜಿನ್ನಿಗೆ. ಒಂದು ಕ್ಯಾನಿಗೆ ನಾಲ್ಕು ಮುಚ್ಚಳ ಮದ್ದು, ತಿಂಗಳಿಗೊಮ್ಮೆ ಹತ್ತು ನಿಮಿಷ ಓಟ, ಮೂರು ತಿಂಗಳಿಗೊಮ್ಮೆ ಹಳೇ ಪೆಟ್ರೋಲನ್ನು ಇಲಾಖೆಯದೇ ಬೇರೆ ಮೆಷಿನಿಗೆ ಹಾಕಿ ಹೊಸದು ತುಂಬುವುದು. ಇದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ, ವಿದೇಶ ಪ್ರವಾಸ ಬೇಕಾಗಿಲ್ಲ. ಒಂದು ನೋಟು ಪುಸ್ತಕ ಬೇಕು. ಪೆಟ್ರೋಲ್ ತುಂಬಿದ ತಾರೀಕು, ಇಂಜಿನ್ ಓಡಿಸಿದ ತಾರೀಕು, ಓಡಿಸಿದವರ ಸಹಿ.

ಮಳೆಗಾಲಕ್ಕೆ ಮುಂಚೆ ತಾಲೂಕು ತಾಲೂಕಿನಲ್ಲೂ ವಿಪತ್ತು ನಿರ್ವಹಣೆಯ ಸಭೆ ನಡೆಯುತ್ತದೆ. ದೋಣಿ ಎಷ್ಟು, ಲೈಫ್ ಜಾಕೆಟ್ ಎಷ್ಟು ಅಂತ ಓದುತ್ತಾರೆ, ಫೋಟೋ ಬರುತ್ತದೆ. ಆ ಸಭೆಗೆ ಹೋಗುವ ಪಂಚಾಯತ್ ಸದಸ್ಯರಲ್ಲಿ ಯಾರಾದರೂ ಒಬ್ಬರು ಎದ್ದು ಆ ನೋಟು ಪುಸ್ತಕ ತರಿಸಿ ಅಂತ ಕೇಳಲಿ. ತಂದರೆ ಸಂತೋಷ. ತರದಿದ್ದರೆ ಅಲ್ಲೇ ಅಂಗಳದಲ್ಲಿ ಒಂದು ಡ್ರಮ್ ನೀರು ತುಂಬಿಸಿ, ಇಂಜಿನ್ ಇಳಿಸಿ, ಎಲ್ಲರೆದುರು ಹಗ್ಗ ಎಳೆಯಲು ಹೇಳಲಿ.